ಸುಗುಣಾ ಆಂಟಿ ಕೈ ಎತ್ತಿದ ದಿನ

ಇದು 2015ರ ಮಾತು. ಆಗ ನಾನು ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಸ್ಯಾನ್ ಡಿಯಾಗೋದಿಂದ ವಿದ್ಯಾ ಫೋನ್ ಮಾಡಿದಳು. ನಾರ್ತ್‌ರಿಜ್‌ನಲ್ಲಿ ಎಂ.ಎಸ್. ಓದುವಾಗ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ಇದ್ದವರು.

"ಅಮ್ಮನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಬಂತು ಮಾರಾಯ್ತಿ. ನೀನು ಬಂದು ಟ್ರಾನ್ಸ್‌ಲೇಟ್ ಮಾಡ್ಬೇಕು" ಎಂದಳು.

"ನೀನೇ ಮಾಡಬಹುದಲ್ಲೇ?"

"ಮನೆಯವರು ಮಾಡುದು ಬೇಡ ಅಂತ ಇಮಿಗ್ರೇಷನ್ ಆಫೀಸಿನವರು ಹೇಳ್ತಾರಂತೆ. ಮಗಳಾದ್ರೆ ಅಮ್ಮ ಹೇಳಿದ್ದನ್ನು ತಿದ್ದಿ ಹೇಳ್ತಾಳೆ ಅಂತ ಅವರಿಗೆ ಡೌಟು."

"ನೀನು ತಿದ್ದಲ್ವಾ?"

"ತಿದ್ದದೆ ಬಿಡ್ತೇನಾ!"

ನಾನು ಹಾಸನದವಳು. ವಿದ್ಯಾ ಮನೆಯವರು ಉಡುಪಿ ಕಡೆಯವರು. ಅವಳ ತಾಯಿ ಸುಗುಣಾ ಆಂಟಿ ನನಗೆ ಓದುವ ದಿನಗಳಲ್ಲಿ ಡಬ್ಬಿಗಟ್ಟಲೆ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಟ್ಟವರು. ಅವರ ಕೆಲಸ ಎಂದರೆ ಇಲ್ಲ ಎನ್ನುವ ಮಾತೇ ಇರಲಿಲ್ಲ.

ವಯಸ್ಸಾದವರು ಗ್ರೀನ್ ಕಾರ್ಡ್ ಮೇಲೆ ಬಹಳ ವರ್ಷ ಇಲ್ಲಿದ್ದರೆ, ಸಿಟಿಜನ್‌ಶಿಪ್ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಅಮೆರಿಕದ ಚರಿತ್ರೆ, ಕಾನೂನು, ಸರ್ಕಾರದ ಬಗ್ಗೆ ನೂರು ಪ್ರಶ್ನೆ ಮೊದಲೇ ಕೊಟ್ಟಿರುತ್ತಾರೆ. ಅದರಲ್ಲಿ ಹತ್ತರವರೆಗೆ ಕೇಳುತ್ತಾರೆ, ಆರು ಸರಿಯಾದ ಕೂಡಲೇ ನಿಲ್ಲಿಸುತ್ತಾರೆ, ಪಾಸು. ಆಂಟಿ ಇಲ್ಲೇ ಗಂಡನ ಜತೆ ದಿನಸಿ ಅಂಗಡಿ ನಡೆಸಿದವರು, ಇಂಗ್ಲಿಷ್ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆದರೆ ಯೂನಿಫಾರ್ಮ್, ಮೇಜು, ಫೈಲು ಇವು ಮೂರು ಒಟ್ಟಿಗೆ ಕಂಡರೆ ಅವರ ಬಾಯಿ ಕಟ್ಟಿಹೋಗುತ್ತಿತ್ತು.

ಇಷ್ಟು ವರ್ಷ ಇಲ್ಲದ ಸಿಟಿಜನ್‌ಶಿಪ್ ಈಗ ಯಾಕೆ ಬೇಕಾಯಿತು ಎಂದರೆ, ಉಡುಪಿಯಲ್ಲಿದ್ದ ಅವರ ಅಕ್ಕನಿಗಾಗಿ. ಲಕ್ವ ಹೊಡೆದು ವಿದ್ಯಾಳ ಆ ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಆಂಟಿಗೆ ಹೋಗಿ ಅವರ ಹತ್ತಿರ ಇರಬೇಕು, ಎಷ್ಟು ಕಾಲವಾದರೂ ಸರಿ. ಆದರೆ ಗ್ರೀನ್ ಕಾರ್ಡಿನವರು ಹಾಗೆ ವರ್ಷಗಟ್ಟಲೆ ಹೊರಗೆ ಇರುವಂತಿಲ್ಲ. ಹಿಂದಿನ ಸಲ ತಿಂಗಳುಗಟ್ಟಲೆ ಇದ್ದು ವಾಪಸು ಬಂದಾಗ ಏರ್‌ಪೋರ್ಟಿನಲ್ಲಿ, "ಇನ್ನೊಮ್ಮೆ ಹೀಗೆ ಮಾಡಿದರೆ ಕಾರ್ಡು ಹೋಗುತ್ತೆ" ಎಂದು ಹೆದರಿಸಿ ಕಳಿಸಿದ್ದರು. ಕಾರ್ಡು ಹೋದರೆ ಇಲ್ಲಿ ಮಗಳು ಮೊಮ್ಮಕ್ಕಳು ದೂರ. ಹೋಗದಿದ್ದರೆ ಅಲ್ಲಿ ಅಕ್ಕ ಒಬ್ಬಳೇ. ಸಿಟಿಜನ್ ಆಗಿಬಿಟ್ಟರೆ ಎಷ್ಟು ದಿನ ಬೇಕಾದರೂ ಇದ್ದು ಬರಬಹುದು.

"ಊರಿಗೆ ಹೋಗಿ ಕೂತ್ಕೊಳ್ಳಿಕ್ಕೆ ಮೊದಲು ಊರಿನವಳು ಅಲ್ಲ ಅಂತ ಆಗ್ಬೇಕು. ಇದೆಂತ ಉಲ್ಟಾ ಕಾನೂನು ಮಾರಾಯ್ತಿ?" ಎಂದು ಆಂಟಿ ನಗುತ್ತಿದ್ದರು.

ಅದಾದ ಮೇಲೆ ನಾನು ಶನಿವಾರ ಬಂತೆಂದರೆ ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್‌ನಲ್ಲಿದ್ದ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಅಭ್ಯಾಸ ಮಾಡಿಸಲು ಎಂದು ಹೇಳಿಕೊಂಡರೂ ನೀರ್‌ದೋಸೆಯ ಆಸೆಯೂ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ನಾನು ಊಟದ ಮೇಜಿನಿಂದ ಪ್ರಶ್ನೆ ಕೇಳುವುದು, ಅವರು ಒಲೆಯ ಹತ್ತಿರದಿಂದ ಉತ್ತರ ಹೇಳುವುದು. ಮೊಮ್ಮಕ್ಕಳು ಮಧ್ಯೆ ಬಂದು "ಅಜ್ಜಿ, ದಟ್ಸ್ ರಾಂಗ್" ಎಂದು ಕೂಗಿ ಓಡುವರು.

ಆಂಟಿ ಸುಮ್ಮನೆ ಬಾಯಿಪಾಠ ಮಾಡುವವರಲ್ಲ. ಚರಿತ್ರೆಯಲ್ಲಿ ಬಂದವರೆಲ್ಲ ಪಕ್ಕದ ಮನೆಯವರೋ ಎನ್ನುವಂತೆ ಒಬ್ಬೊಬ್ಬರ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿದ್ದರು. ವಾಷಿಂಗ್ಟನ್ ಅವರಿಗೆ ಯಾವಾಗಲೂ 'ಅವರು'. ಎರಡು ಸಲ ಪ್ರೆಸಿಡೆಂಟ್ ಆದ ಮೇಲೆ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಹೋದರು ಎಂದು ಅವರ ಮೇಲೆ ಭಾರಿ ಗೌರವ. "ನಮ್ಮಲ್ಲಿ ದೇವಸ್ಥಾನದ ಕಮಿಟಿ ಅಧ್ಯಕ್ಷರೂ ಬಿಟ್ಟುಕೊಡುದಿಲ್ಲ" ಎನ್ನುವರು. ಹೆಂಗಸರಿಗೆ ಓಟಿಲ್ಲದ ಕಾಲದಲ್ಲಿ ಓಟು ಹಾಕಿ ಅರೆಸ್ಟ್ ಆದ ಸೂಸನ್ ಆಂಟನಿ ಎಂದರೆ ಬಹಳ ಪ್ರೀತಿ. ಪಾಪ ಜೆಫರ್ಸನ್ ಮಾತ್ರ ಅವರ ಕೈಯಲ್ಲಿ ಪಾಸಾಗಲಿಲ್ಲ.

"ಎಲ್ಲ ಮನುಷ್ಯರೂ ಸಮಾನ ಅಂತ ಬರೆದದ್ದು ಇವನೇ ಅಲ್ವಾ? ಮತ್ತೆ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡದ್ದು ಎಂತಕ್ಕೆ?"

"ಆಂಟಿ, ಅದನ್ನ ಅವರು ಕೇಳಲ್ಲ. ಯಾರು ಬರೆದರು ಅಂತ ಅಷ್ಟೇ ಕೇಳ್ತಾರೆ."

"ಬರೆದ ಮೇಲೆ ನಡೀಬೇಡ್ವಾ ಮತ್ತೆ?" ಎಂದು ದೋಸೆ ಮಗುಚುವರು.

ಇಂಟರ್‌ವ್ಯೂ ಬೆಳಗ್ಗೆ ಇತ್ತು. ಹಿಂದಿನ ದಿನವೇ ಹೋಗಿ ಉಳಿದಿದ್ದೆ. ಹೊರಡುವಾಗ ಆಂಟಿ ಹಿತ್ತಿಲಿನಿಂದ ಒಂದು ತುಂಡು ಮಲ್ಲಿಗೆ ಮಾಲೆ ತಂದು, ನಾನು ಬೇಡ ಬೇಡ ಎಂದರೂ ನನ್ನ ಜಡೆಗೆ ಸಿಕ್ಕಿಸಿದರು. ಅವರ ಹಿತ್ತಿಲ ಬೇಲಿ ತುಂಬ ಉಡುಪಿ ಮಲ್ಲಿಗೆ. ಅಂಕಲ್ ತೀರಿಕೊಂಡ ಮೇಲೆ ಆಂಟಿ ಮುಡಿಯುವುದು ಬಿಟ್ಟಿದ್ದರು, ಆದರೆ ಕಟ್ಟುವುದು ಬಿಟ್ಟಿರಲಿಲ್ಲ. ಆ ಕಡೆಯ ಕನ್ನಡದವರ ಮನೆಗಳಲ್ಲಿ ಸೀಮಂತವಾಗಲಿ ಸತ್ಯನಾರಾಯಣ ಪೂಜೆಯಾಗಲಿ, ಹೂವು ಸುಗುಣಾ ಆಂಟಿಯದೇ.

ಇಮಿಗ್ರೇಷನ್ ಆಫೀಸಿನಲ್ಲಿ ವಿದ್ಯಾ ಹೊರಗೆ ಕೂತಳು. ನಮ್ಮಿಬ್ಬರನ್ನು ಒಳಗೆ ಕರೆದ ಆಫೀಸರ್ ಐವತ್ತು ದಾಟಿದ ಕಪ್ಪು ಹೆಂಗಸು. ಕೊರಳಿಗೆ ಸರಪಳಿ ಕಟ್ಟಿದ ಕನ್ನಡಕ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಮೊದಲು ನನ್ನನ್ನು ನಿಲ್ಲಿಸಿ ಬಲಗೈ ಎತ್ತಿಸಿದರು. ಇಬ್ಬರೂ ಹೇಳಿದ್ದನ್ನು ಹೇಳಿದ ಹಾಗೆಯೇ ಅನುವಾದ ಮಾಡುತ್ತೇನೆ, ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ ಎಂದು ಪ್ರಮಾಣ. ನಾನು ಬಸ್ಸಿನಲ್ಲಿ ಟಿಕೆಟ್ ತೋರಿಸಿದಷ್ಟು ಸಲೀಸಾಗಿ "ಯೆಸ್" ಎಂದೆ.

ಆಮೇಲೆ ಆಂಟಿಯ ಸರದಿ. "ಇಲ್ಲಿ ನೀವು ಹೇಳೋದೆಲ್ಲ ಸತ್ಯ ಅಂತ ಪ್ರಮಾಣ ಮಾಡಬೇಕಂತೆ ಆಂಟಿ, ಕೈ ಎತ್ತಿ" ಎಂದೆ.

ಆಂಟಿಯ ಮುಖ ಬದಲಾಯಿತು. ನೂರು ಪ್ರಶ್ನೆ ಕಲಿಸಿದ ನಾವು ಯಾರೂ ಈ ವಿಷಯ ಅವರಿಗೆ ಹೇಳಿರಲಿಲ್ಲ. ನಮಗೆ ಅದೊಂದು ವಿಷಯ ಎಂದೇ ತೋರಿರಲಿಲ್ಲ. "ಪ್ರಮಾಣವಾ?" ಎಂದು ಒಮ್ಮೆ ಕೇಳಿದರು. ಹೌದು ಎಂದೆ. ಮಡಿಲಲ್ಲಿದ್ದ ಬ್ಯಾಗನ್ನು ಕೆಳಗಿಟ್ಟರು. ಕುರ್ಚಿಯ ಪಕ್ಕದಲ್ಲಿ ಎರಡೂ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ ಕೈ ಎತ್ತಿದರು. ಆಫೀಸರ್ ಚಪ್ಪಲಿ ನೋಡಿದರು, ನನ್ನನ್ನು ನೋಡಿದರು.

ಪರೀಕ್ಷೆ ಹೂವು ಎತ್ತಿದ ಹಾಗೆ ಹೋಯಿತು. ಸರ್ವೋಚ್ಚ ಕಾನೂನು ಯಾವುದು, ಸಂವಿಧಾನ. ಮಾರ್ಟಿನ್ ಲೂಥರ್ ಕಿಂಗ್ ಏನು ಮಾಡಿದರು, ಸಮಾನ ಹಕ್ಕಿಗಾಗಿ ಹೋರಾಡಿದರು. ಸ್ವಾತಂತ್ರ್ಯ ಘೋಷಣೆ ಬರೆದವರು ಯಾರು ಎಂದಾಗ ನಾನು ಆಂಟಿಯ ಕಡೆ ತಿರುಗಿ ನೋಡಿದೆ. ಆಂಟಿ "ಜೆಫರ್ಸನ್" ಎಂದು ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. "ಬರೆದದ್ದು ಚೆಂದ ಉಂಟು, ಆದ್ರೆ ಅವ ಬರೆದ ಹಾಗೆ ನಡೀಲಿಲ್ಲ" ಎಂದರು.

ನಾನು "ಜೆಫರ್ಸನ್" ಎಂದಷ್ಟೇ ಹೇಳಿದೆ. ಆಫೀಸರ್ ಕನ್ನಡಕದ ಮೇಲಿನಿಂದ ನೋಡಿ, "ಅವರು ಅದಕ್ಕಿಂತ ಜಾಸ್ತಿ ಮಾತಾಡಿದರು" ಎಂದರು. ವಿಧಿಯಿಲ್ಲದೆ ಪೂರ್ತಿ ಹೇಳಿದೆ. ಅವರ ಪೆನ್ನು ಒಂದು ಕ್ಷಣ ನಿಂತಿತು. "ಇಲ್ಲ, ಅವನು ಹಾಗೆ ನಡೆಯಲಿಲ್ಲ" ಎಂದು ಮೆಲ್ಲಗೆ ಹೇಳಿ ಸರಿ ಎಂದು ಗುರುತು ಹಾಕಿಕೊಂಡರು.

ಆರಕ್ಕೆ ಆರೂ ಸರಿ. ಇನ್ನು ಉಳಿದಿದ್ದು ಅರ್ಜಿಯ ಪ್ರಶ್ನೆಗಳು. ವಿದ್ಯಾ ಮೊದಲೇ ಎಲ್ಲಕ್ಕೂ 'ನೋ' ಎಂದು ತುಂಬಿ ಕಳಿಸಿದ್ದಳು, ಇಲ್ಲಿ ಬಾಯಲ್ಲಿ ಹೇಳಿದರೆ ಮುಗಿಯಿತು. ಭಯೋತ್ಪಾದಕರ ಸಂಘದಲ್ಲಿ ಇದ್ದಿರಾ? ಇಲ್ಲ. ಕುಡಿತದ ಚಟ ಇತ್ತಾ? "ಶ್ಶೀ, ಇಲ್ಲಪ್ಪ." ಒಂದೇ ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ಮದುವೆ ಆಗಿದ್ದಿರಾ? "ಒಬ್ಬರನ್ನೇ ಸುಧಾರಿಸುವಾಗ ಸಾಕಾಯ್ತು ಅಂತ ಹೇಳು." ಅದನ್ನೂ ಹೇಳಿದೆ. ಆಫೀಸರ್ ತುಟಿ ಕಚ್ಚಿಕೊಂಡರು. ಎಲ್ಲ ಸುಸೂತ್ರ ಎಂದು ನಾನು ಮನಸ್ಸಿನಲ್ಲೇ ಮಸಾಲೆದೋಸೆ ಆರ್ಡರ್ ಮಾಡುತ್ತಿದ್ದೆ.

ಆಗ ಆ ಪ್ರಶ್ನೆ ಬಂತು. "ಅಮೆರಿಕದ ಸರ್ಕಾರಿ ಅಧಿಕಾರಿಗಳಿಗೆ ಯಾವತ್ತಾದರೂ ಸುಳ್ಳು ಮಾಹಿತಿ ಕೊಟ್ಟಿದ್ದೀರಾ?"

ಇಲ್ಲ, ಇಲ್ಲ ಎಂದು ಬರುತ್ತಿದ್ದ ಆಂಟಿ, "ಉಂಟು" ಎಂದರು.

ನಾನು ತಪ್ಪು ಕೇಳಿಸಿಕೊಂಡೆನೋ ಎಂದುಕೊಂಡೆ. "ಆಂಟಿ, ಏನು?" ಎಂದೆ.

"ಉಂಟು. ಹತ್ತು ಹನ್ನೆರಡು ವರ್ಷ ಆಯ್ತು. ಊರಿಂದ ಬರುವಾಗ ಮಲ್ಲಿಗೆಯ ಎರಡು ಗೆಲ್ಲು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀರೆಯೊಳಗೆ ಇಟ್ಟಿದ್ದೆ. ಏರ್‌ಪೋರ್ಟಿನಲ್ಲಿ ಗಿಡ ಬೀಜ ಎಂತಾದ್ರೂ ಉಂಟಾ ಕೇಳಿದ್ರು. ಇಲ್ಲ ಅಂದೆ."

ನನ್ನ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಆಫೀಸರ್‌ಗೆ ಕನ್ನಡ ಬರುವುದಿಲ್ಲ. 'ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲವಂತೆ, ಉತ್ತರ ನೋ' ಎಂದರೆ ಮುಗಿಯಿತು. ಉಡುಪಿಯಲ್ಲಿ ಹಾಸಿಗೆಯ ಮೇಲಿದ್ದ ದೊಡ್ಡಮ್ಮ ಕಣ್ಣ ಮುಂದೆ ಬಂದರು. ಎರಡು ಕಡ್ಡಿ ಮಲ್ಲಿಗೆಗೆ ಇಷ್ಟೆಲ್ಲ ಹಾಳಾಗಬೇಕೆ? ನನ್ನ ಹಿಂಜರಿಕೆ ಆಂಟಿಗೆ ಗೊತ್ತಾಯಿತು. ಮೊಣಕೈ ಮುಟ್ಟಿ ಮೆಲ್ಲಗೆ ಹೇಳಿದರು: "ಹೇಳು ಮಗಾ. ನಾನು ಹೇಳಿದ ಹಾಗೇ ಹೇಳು. ನೀನೂ ಕೈ ಎತ್ತಿದ್ದಿ."

ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ಅಷ್ಟಕ್ಕೂ ನಿಲ್ಲಿಸದೆ ಆಂಟಿ, "ಇವಳ ತಲೆಯಲ್ಲಿ ಇರುದು ಅದೇ ಗಿಡದ್ದು" ಎಂದು ಸೇರಿಸಿದರು. ಅದನ್ನೂ ನಾನೇ, ನನ್ನ ಬಾಯಿಂದಲೇ, ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಸಾಕ್ಷಿ ತಲೆಯ ಮೇಲೆ ಇಟ್ಟುಕೊಂಡು ಸಾಕ್ಷಿ ಹೇಳಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆಫೀಸರ್ ಪೆನ್ನು ಕೆಳಗಿಟ್ಟರು. "ಇಲ್ಲೇ ಇರಿ" ಎಂದು ಫೈಲು ಎತ್ತಿಕೊಂಡು ಹೊರಗೆ ಹೋದರು.

ಬಾಗಿಲು ಮುಚ್ಚಿದ ಮೇಲೆ ನನಗೆ ಅಳುವೇ ಬಂತು. "ಯಾಕೆ ಹೇಳಿದ್ರಿ ಆಂಟಿ? ಏರ್‌ಪೋರ್ಟಲ್ಲಿ ಇಲ್ಲ ಅಂದಿದ್ರಲ್ಲ, ಇಲ್ಲೂ ಇಲ್ಲ ಅಂದಿದ್ರೆ ಆಗಿತ್ತು."

"ಅಲ್ಲಿ ಹೇಳಿದ್ದು ಸುಳ್ಳು. ತಪ್ಪೇ, ಇಲ್ಲ ಅಂತ ನಾನು ಹೇಳುದಿಲ್ಲ" ಎಂದರು ಆಂಟಿ. "ಆದ್ರೆ ಅಲ್ಲಿ ಕೈ ಎತ್ತಿಸ್ಲಿಲ್ಲ. ಬರಿ ಸುಳ್ಳು ಬೇರೆ, ಪ್ರಮಾಣ ಮಾಡಿ ಹೇಳುದು ಬೇರೆ. ನಮ್ಮ ಅಪ್ಪನಿಗೂ ದಾಯಾದಿಗಳಿಗೂ ಗದ್ದೆಯ ಗಡಿಗೆ ಜಗಳ ಇತ್ತು. ದೈವದ ಎದುರು ಪ್ರಮಾಣ ಮಾಡಿ, ಗದ್ದೆ ನಿಮಗೇ ಅಂತ ಊರಿನ ಹಿರಿಯರು ಅಪ್ಪನಿಗೆ ಅಂದ್ರು. ಅಪ್ಪನಿಗೆ ಗಡಿಕಲ್ಲು ಎಲ್ಲಿ ಇದ್ದದ್ದು ಅಂತ ಸರೀ ನೆನಪಿಲ್ಲ. ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ವಾಪಸ್ ಬಂದ್ರು. ಗದ್ದೆ ಹೋಯ್ತು. ಅಮ್ಮ ಎರಡು ದಿನ ಬೈದ್ಲು. ಮೂರನೇ ದಿನ ಗಂಜಿ ಬಡಿಸಿದ್ಲು."

ಅಷ್ಟು ಹೇಳಿ ಕೈ ಕಟ್ಟಿ ಕೂತರು. ಆದರೆ ಅವರಿಗೆ ಭಯವಿರಲಿಲ್ಲ ಎಂದು ತಿಳಿಯಬೇಡಿ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಅಕ್ಕನಿಗೆ ಎಂತ ಹೇಳುದು ಇನ್ನು?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಕರಗಿಹೋಯಿತು.

ಆಫೀಸರ್ ಒಬ್ಬರೇ ಬರಲಿಲ್ಲ. ಜತೆಗೆ ಅವರ ಮೇಲಿನವರು, ಬಿಳಿ ಮೀಸೆಯ ಎತ್ತರದ ಮನುಷ್ಯ. ಕುಳಿತುಕೊಳ್ಳದೆ ನಿಂತೇ ಆಂಟಿಯನ್ನು ಕೇಳಿದರು: "ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಯಾಕೆ ಹೇಳುತ್ತಿದ್ದೀರಿ?"

ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಆಂಟಿಗೆ ಅರ್ಥವಾಗಿತ್ತು. ಇವರಿಗೆ ಇಷ್ಟೂ ತಿಳಿಯದೆ ಎನ್ನುವ ಹಾಗೆ ಅವರನ್ನು ನೋಡಿ ಹೇಳಿದರು: "ನೀವು ಪ್ರಮಾಣ ಮಾಡ್ಸಿದ್ರಿ ಅಲ್ವಾ?"

ನಾನು ಅನುವಾದ ಮಾಡಿದೆ. ಬಿಳಿ ಮೀಸೆಯವರು ತಲೆ ಕೆರೆದುಕೊಂಡು, ಆಫೀಸರ್ ಕಿವಿಯಲ್ಲಿ ಏನೋ ಹೇಳಿ ಹೋದರು. ಆಫೀಸರ್ ಅರ್ಜಿಯಲ್ಲಿ ಆ ಒಂದು 'ನೋ' ಹೊಡೆದು 'ಯೆಸ್' ಮಾಡಿ, ಪಕ್ಕದಲ್ಲಿ ಏನೋ ಬರೆದು ಆಂಟಿಯ ಸಹಿ ಹಾಕಿಸಿಕೊಂಡರು. ಇವತ್ತು ತೀರ್ಮಾನ ಹೇಳಲಾಗುವುದಿಲ್ಲ, ಪತ್ರ ಬರುತ್ತದೆ ಎಂದರು.

"ಆ ಗಿಡ ಕಿತ್ತು ಹಾಕ್ಬೇಕಾ ಕೇಳು" ಎಂದರು ಆಂಟಿ.

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ" ಎಂದರು ಆಫೀಸರ್. ಬಾಗಿಲ ತನಕ ಬಂದು ನನಗೆ ಮಾತ್ರ ಕೇಳುವಂತೆ ಹೇಳಿದರು: "ಮೊದಲ ಪ್ರೆಸಿಡೆಂಟ್ ವಾಷಿಂಗ್ಟನ್ ಹುಡುಗನಾಗಿದ್ದಾಗ ಚೆರ್ರಿ ಮರ ಕಡಿದು, ಅಪ್ಪನ ಹತ್ತಿರ ನಿಜ ಹೇಳಿದ ಕತೆ ಇಲ್ಲಿಯ ಮಕ್ಕಳಿಗೆಲ್ಲ ಹೇಳುತ್ತಾರೆ. ಅದು ಕಟ್ಟುಕತೆ. ನಿಜವಾದದ್ದನ್ನು ನಾನು ಕೇಳಿದ್ದು ಇವತ್ತೇ."

ಹೊರಗೆ ಬಂದು ನಡೆದದ್ದು ಹೇಳಿದಾಗ ವಿದ್ಯಾ ಪಾರ್ಕಿಂಗ್ ಲಾಟಿನಲ್ಲೇ ತಲೆ ಮೇಲೆ ಕೈ ಹೊತ್ತಳು. "ಅಮ್ಮಾ, ನಿಂಗೆ ತಲೆ ಸರಿ ಉಂಟಾ? ದೊಡ್ಡಮ್ಮ ಅಲ್ಲಿ ನಿನ್ನ ದಾರಿ ನೋಡ್ತಾ ಇದ್ದಾರೆ, ನೀನು ಇಲ್ಲಿ ಹರಿಶ್ಚಂದ್ರನ ಮೊಮ್ಮಗಳು!" ಮನೆ ತಲುಪುವವರೆಗೂ ಬೈದಳು. ಆಂಟಿ ಹಿಂದಿನ ಸೀಟಿನಲ್ಲಿ ಕಿಟಕಿ ನೋಡುತ್ತ ಕೂತಿದ್ದರು.

ಆ ಬೇಸಿಗೆ ಪೂರ್ತಿ ಪತ್ರವಿಲ್ಲ. ಆಂಟಿಯೇ ಹಟ ಹಿಡಿದು ವಿದ್ಯಾಳಿಂದ ಕೃಷಿ ಇಲಾಖೆಗೆ ಫೋನ್ ಮಾಡಿಸಿದರು. ಒಬ್ಬರು ಬಂದು ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದರು, ಆಮೇಲೆ ರೋಗವೇನಿಲ್ಲ, ಇರಲಿ ಎಂದರು. ಪ್ರತಿ ಭಾನುವಾರ ಉಡುಪಿಯಿಂದ ಫೋನು. ಪಕ್ಕದ ಮನೆಯವರು ಫೋನನ್ನು ದೊಡ್ಡಮ್ಮನ ಕಿವಿಗೆ ಹಿಡಿಯುವರು. ತೊದಲುತ್ತಾ ಅವರು ಕೇಳುತ್ತಿದ್ದುದು ಒಂದೇ, "ಯಾವಾಗ ಬರ್ತಿ?" ಆಂಟಿ "ಬರ್ತೇನೆ ಅಕ್ಕಾ" ಎನ್ನುವರು. ಇಂಥ ದಿನ ಎಂದು ಮಾತ್ರ ಹೇಳುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಪತ್ರ ಬಂತು. ಮಂಜೂರಾಗಿದೆ, ಪ್ರಮಾಣವಚನಕ್ಕೆ ಬನ್ನಿ ಎಂದು. ವಿದ್ಯಾ ಫೋನಿನಲ್ಲಿ ಕುಣಿದಾಡಿದಳು. ನಾನು ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಆಂಟಿ ಮಾತ್ರ, "ಆ ಪ್ರಮಾಣದಲ್ಲಿ ಎಂತೆಲ್ಲ ಉಂಟು? ಮೊದಲು ಬಂದು ಓದಿ ಹೇಳು" ಎಂದರು.

ಒಂದು ಸಂಜೆ ಪೂರ್ತಿ ಕೂತು ಅದರ ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಗತ್ಯ ಬಿದ್ದರೆ ದೇಶಕ್ಕಾಗಿ ಆಯುಧ ಹಿಡಿಯುವ ಮಾತು ಬಂದಾಗ ಯೋಚಿಸಿ, "ಈ ಮಂಡಿನೋವಿನಲ್ಲಿ ಕರೆಯುದಿಲ್ಲ. ಕರೆದ್ರೆ ಹೋಗುದು" ಎಂದರು. ಬೇರೆ ದೇಶದ ಮೇಲಿನ ನಿಷ್ಠೆಯನ್ನು ಪೂರ್ತಿ ಬಿಡುತ್ತೇನೆ ಎನ್ನುವಲ್ಲಿ ಬಹಳ ಹೊತ್ತು ನಿಂತರು. ಎದ್ದು ಹೋಗಿ ಪಾತ್ರೆ ತೊಳೆದು ಬಂದರು. ಆಮೇಲೆ ಕೇಳಿದರು: "ಪಾಸ್‌ಪೋರ್ಟ್ ಬಿಡುದು, ಸರಿ. ಅಕ್ಕನನ್ನು ಬಿಡ್ತೇನೆ ಅಂತ ಎಲ್ಲಿಯೂ ಬರೆದಿಲ್ಲ ಅಲ್ವಾ? ಸರೀ ನೋಡು."

ನೋಡಿದೆ. ಎಲ್ಲಿಯೂ ಬರೆದಿರಲಿಲ್ಲ.

ಸಮಾರಂಭದ ದಿನ ಸಾವಿರಕ್ಕೂ ಮಿಕ್ಕಿದ ಜನ ಕೈ ಎತ್ತಿದರು. ಕೆಲವರು ಇನ್ನೊಂದು ಕೈಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾನು ಮೇಲಿನ ಸಾಲಿನಿಂದ ಹುಡುಕಿದೆ. ಅಷ್ಟು ಜನರ ನಡುವೆ ಆಂಟಿ ಕಣ್ಣು ಮುಚ್ಚಿ ನಿಂತಿದ್ದರು. ಕಾಲು ಕಾಣುತ್ತಿರಲಿಲ್ಲ, ಆದರೆ ಬರಿಗಾಲೇ ಎಂದು ನನಗೆ ಗೊತ್ತು.

ಹೊಸ ಪಾಸ್‌ಪೋರ್ಟ್, ವೀಸಾ ಆಗುತ್ತಿದ್ದಂತೆ ಹೊರಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅಕ್ಕನ ಜತೆಗೇ ಇದ್ದರು. ದೊಡ್ಡಮ್ಮ ತೀರಿಕೊಂಡ ಸುದ್ದಿ ತಿಳಿದು ಫೋನ್ ಮಾಡಿದೆ. ಅವರೇ ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ಹೇಳಿದರು: "ಕಡೆಗೆ ಬಾಯಿಗೆ ನೀರು ಬಿಟ್ಟದ್ದು ನಾನೇ ಮಗಾ. ಅವತ್ತು ಕೈ ಎತ್ತಿ ಸುಳ್ಳು ಹೇಳಿ ಬಂದಿದ್ರೆ, ಆ ನೀರು ಬಿಡುವಾಗ ನನ್ನ ಕೈ ನಡುಗ್ತಿತ್ತು. ನಡುಗ್ಲಿಲ್ಲ."

ನನ್ನ ಸರದಿ ಬಂದದ್ದು 2019ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ನೂರು ಪ್ರಶ್ನೆಯೂ ನನಗೆ ನಿದ್ದೆಯಲ್ಲಿ ಬರುತ್ತಿದ್ದವು. ನನ್ನ ಆಫೀಸರ್ ಚುರುಕಾದ ಯುವಕ, ಒಳಗೆ ಹೋಗುತ್ತಿದ್ದಂತೆ "ಬಲಗೈ ಎತ್ತಿ" ಎಂದ. ಆ ಮಾತು ಕೇಳಿ ನನಗೆ ನಿಂತಲ್ಲೇ ಕಣ್ಣು ತುಂಬಿ ಬಂತು. ಬಾಗಿ ಶೂ ಲೇಸು ಬಿಚ್ಚತೊಡಗಿದೆ. ಹುಷಾರಾಗಿದ್ದೀರಾ ಎಂದು ಅವನು ಗಾಬರಿಯಿಂದ ಕೇಳಿದ.

"ಹುಷಾರಾಗಿದ್ದೀನಿ. ಒಂದು ನಿಮಿಷ ಕೊಡಿ" ಎಂದೆ.